ವ್ಯಾಪ್ತಿ ಪ್ರದೇಶದ ಒಳಗೆ

ಮರುದಿನ ಅಪಾರ್ಟ್‌ಮೆಂಟ್ ಸಂಘದ ಚುನಾವಣೆ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಾರಿಜಾ, ಲಿಫ್ಟಿಗೊಂದು ಫ್ಯಾನ್ ಹಾಕಿಸುವಂಥ ಯಾವುದೇ ಭರವಸೆಯನ್ನು ಮನೆಯೊಳಗೆ ಯೋಚಿಸಿದರೆ ಸಾಕು, ಎದುರು ಮನೆಯ ಪ್ರತಿಸ್ಪರ್ಧಿ ಪೊನ್ನಪ್ಪ ಸಂಜೆಗೇ ಅದನ್ನು ಘೋಷಿಸಿಬಿಡುತ್ತಿದ್ದ.

"ನಿಮ್ಮೋರೇ ಯಾರೋ ಅವನ ಕಿವಿಗೆ ಊದ್ತಿದಾರೆ ಕಣೇ," ಎಂದಳು ಗೆಳತಿ ನಳಿನಾಕ್ಷಿ. "ನಿಮ್ಮನೆಯವ್ರೆಲ್ಲಿ?"

"ತುಮಕೂರಲ್ಲಿ, ಆಫೀಸ್ ಕೆಲ್ಸ. ಪಾಪ, ನನ್ನ ಭಾಷಣ ಬರ್ಕೊಟ್ಟಿದ್ದೇ ಅವ್ರು."

ಮೇಜಿನ ಮೇಲೆ, ಬೆರಳಿಟ್ಟು ನಂಬರು ತಿರುಗಿಸುವ ಹಳೇ ಕಾಲದ ಕೆಂಪು ಫೋನಿತ್ತು. ನಳಿನಾಕ್ಷಿ ಅದನ್ನು ಎತ್ತಿ ನೋಡಿದಳು. "ಅಯ್ಯೋ, ಇದಕ್ಕೆ ವೈರೇ ಇಲ್ವಲ್ಲೇ!"

"ಬ್ಲೂಟೂತ್ ಕಣೇ, ಅವ್ರ ಮೊಬೈಲಿಗೆ ಜೋಡಿಸಿದಾರೆ. ಅವ್ರಿಗೆ ಕಾಲ್ ಬಂದ್ರೆ ಇದೂ ಹೊಡ್ಕೊಳ್ಳುತ್ತೆ. ಆದ್ರೆ ಮೊಬೈಲು ಮೂವತ್ತಡಿ ಒಳಗಿರ್ಬೇಕು. ಅವ್ರು ಹೊರಗೆ ಹೋದ್ರೆ ಇದಕ್ಕೂ ಮೌನವ್ರತ."

"ಸರಿ, ಅವ್ರನ್ನೇ ಕೇಳು, ಯಾರ ಮೇಲೆ ಅನುಮಾನ ಅಂತ."

ವಾರಿಜಾ ತನ್ನ ಮೊಬೈಲಿನಿಂದ ಗಂಡನಿಗೆ ಕರೆ ಮಾಡಿದಳು.

ಕೆಂಪು ಫೋನು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ಎದುರು ಮನೆಯಿಂದ ಕೇಳಿಬರುತ್ತಿದ್ದ ನಗು ಥಟ್ಟನೆ ನಿಂತಿತು.