ಉಪ್ಪುನೀರಿನ ಭರಣಿ

"ಮಾಮಿ, ಮಾವಿನಕಾಯಿ ನೀವೇ ತೆಗ್ದು ಕೊಡಿ."

ಉಗ್ರಾಣದ ಹೊಸ್ತಿಲಾಚೆಯೇ ನಿಂತು ವಾರಿಜ ಹೇಳಿದಳು. ಅಕ್ಕಿಯ ಕಲ್ಲು ಹೆಕ್ಕುತ್ತಿದ್ದ ಅತ್ತೆ ಸೇಸಮ್ಮನ ಕೈ ಅಲ್ಲಿಗೇ ನಿಂತಿತು. ಮುಟ್ಟಾದವಳ ಕೈ ತಾಗಿದರೆ ಉಪ್ಪುನೀರಿನ ಭರಣಿಗೆ ಹುಳ ಬೀಳುತ್ತದೆಂದು ಆರು ವರ್ಷದ ಹಿಂದೆ ಹೊಸ ಸೊಸೆಗೆ ಹೇಳಿಕೊಟ್ಟವಳು ಅವಳೇ. ಆಮೇಲೆ ತಿಂಗಳು ತಿಂಗಳೂ ಇದೇ ಮಾತು ಕೇಳುತ್ತಿತ್ತು. ಕಳೆದೆರಡು ತಿಂಗಳು ಮಾತ್ರ ಕೇಳಿರಲಿಲ್ಲ; ವಾರಿಜ ತಾನೇ ಭರಣಿಗೆ ಕೈ ಹಾಕುತ್ತಿದ್ದಳು. ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ. ಆದರೂ ಸೇಸಮ್ಮ ತನ್ನ ಹಳೆಯ ನೂಲಿನ ಸೀರೆಗಳನ್ನು ತೊಟ್ಟಿಲಿಗೆಂದು ಒಗೆದು ಮಡಚಿಟ್ಟಿದ್ದಳು. ಇವತ್ತು ಆ ಮಾತು ಮತ್ತೆ ಬಂತು.

ಸೇಸಮ್ಮ ಎದ್ದು ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು, ಒಳಗೆ ಮಾವಿನಕಾಯಿಗಳ ಮೇಲೆ ಹೇರಿದ್ದ ಹೊಳೆಕಲ್ಲನ್ನು ತೆಗೆದಿಟ್ಟಳು. ಆಮೇಲೆ ಹೊಸ್ತಿಲಿಗೆ ಹೋಗಿ ಸೊಸೆಯ ಕೈ ಹಿಡಿದು ಒಳಗೆ ಕರೆತಂದಳು.

"ಬೇಡ ಮಾಮಿ, ಇಡೀ ಭರಣಿ ಹಾಳಾಗ್ತದೆ."

"ಹಾಳಾಗ್ಲಿ ಮಗಾ. ಕಾಟುಮಾವಿನ ಮರ ಅಲ್ಲೇ ಉಂಟಲ್ಲ, ಬರುವ ವರ್ಷ ಪುನಃ ಹಾಕುವ," ಎಂದ ಸೇಸಮ್ಮ, ವಾರಿಜಳ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡೇ ಮೊಣಕೈವರೆಗೂ ಉಪ್ಪುನೀರಿಗೆ ಇಳಿಸಿದಳು.