ಹಲ್ಲಿಯ ಮೇಲೆ ದೂರು

ಭಾಮೈದನ ಜೇಬಿಗೆ ಕೈ ಹಾಕಿ ಫೋನು ಕಿತ್ತುಕೊಂಡ ಮೇಲೆಯೇ ಇಸ್ತ್ರಿಯವನು ಸರ್ಕಾರಿ ವಿಚಾರಣೆಯ ಸಭಾಂಗಣದೊಳಗೆ ಕಾಲಿಟ್ಟ.

"ಏನ್ ಭಾವ ಇದು! ನಾನೇನು ಕಳ್ಳನಾ?"

"ಹೌದೋ ಅಲ್ಲವೋ ಇವತ್ತು ಗೊತ್ತಾಗತ್ತೆ. ಸುಮ್ನೆ ಕೂತ್ಕೋ."

ಅನುಮಾನಕ್ಕೆ ಕಾರಣವಿತ್ತು. ಮೊಬೈಲ್ ರಿಪೇರಿ ಮಾಡುವ ಈ ಭಾಮೈದನೇ ಅವನ ಫೋನಿಗೆ ಪೋಕರ್ ಆಟ ಹಾಕಿಕೊಟ್ಟವನು. ಮೊದಮೊದಲು ಒಂದು ದಿನ ಗೆಲುವು, ಎರಡು ದಿನ ಸೋಲು, ಹೇಗೋ ನಡೆಯುತ್ತಿತ್ತು. ಆಮೇಲೆ ಹಲ್ಲಿ ಬಂತು. ಗೋಡೆಯ ಹಲ್ಲಿಯಲ್ಲ, ಆಟದೊಳಗೆ ಯಾರೋ ಇಟ್ಟುಕೊಂಡಿದ್ದ ಹೆಸರು. ಇವನು ಯಾವ ಟೇಬಲ್ಲಿಗೆ ಹೋದರೂ ಅದು ಎದುರಿಗೆ ಬಂದು ಕೂರುತ್ತಿತ್ತು.

ಪೋಕರಿನಲ್ಲಿ ಕೈಯಲ್ಲಿರುವ ಎರಡು ಎಲೆ ಗುಟ್ಟು. ಆಟವೆಲ್ಲ ಆ ಗುಟ್ಟಿನ ಮೇಲೆ ನಿಂತಿದೆ. ಇವನಿಗೆ ಎಕ್ಕದ ಜೋಡಿ ಬಂದರೆ ಹಲ್ಲಿ ತನ್ನ ಎಲೆ ಎಸೆದು ಜಾರಿಕೊಳ್ಳುತ್ತಿತ್ತು. ಖಾಲಿ ಕೈಯಲ್ಲಿ, ಅಂದರೆ ಬೆಲೆಯಿಲ್ಲದ ಎಲೆ ಹಿಡಿದು, ಬುರುಡೆ ಬಿಟ್ಟರೆ ಪಂದ್ಯ ಏರಿಸುತ್ತಿತ್ತು. ಉಗಿ ಇಸ್ತ್ರಿ ಯಂತ್ರಕ್ಕೆಂದು ಗಂಡಹೆಂಡತಿ ಕೂಡಿಟ್ಟಿದ್ದರಲ್ಲಿ ಅರ್ಧ ಹೀಗೆ ಹಲ್ಲಿಯ ಹೊಟ್ಟೆ ಸೇರಿತು. ಕಂಪನಿಗೆ ದೂರು ಕೊಟ್ಟರೆ, "ನಮ್ಮಲ್ಲಿ ಮೋಸಕ್ಕೆ ಅವಕಾಶವಿಲ್ಲ, ಆಡುತ್ತಿರಿ" ಎಂಬ ಉತ್ತರ ಬಂತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಭಾಮೈದ ನಕ್ಕಿದ್ದ.

ಹೆಂಡತಿ ನಗಲಿಲ್ಲ. ಪಾಪ, ನಗುವ ಸ್ಥಿತಿಯಲ್ಲೂ ಇರಲಿಲ್ಲ. ಇಷ್ಟು ವರ್ಷ ಒಂದು ನೂಲನ್ನೂ ಸುಡದವಳು ಈಚೆಗೆ ಕಾಲರು, ತೋಳು ಎನ್ನದೆ ಸುಡತೊಡಗಿದ್ದಳು. ಅವನು ಅಂಗಡಿಯ ಮುಂಭಾಗದಲ್ಲಿ ಸ್ಟೂಲಿನ ಮೇಲೆ ಕೂತು ಬಟ್ಟೆಗೆ ಗುರುತು ಹಾಕುವ ನೆಪದಲ್ಲಿ ಆಡುತ್ತಿದ್ದರೆ, ಬೆನ್ನ ಹಿಂದೆ ನಿಂತು ಇಸ್ತ್ರಿ ಹಾಕುವವಳ ಕಡೆಯಿಂದ ಕಮಟು ವಾಸನೆ ಬರುತ್ತಿತ್ತು. ತನ್ನ ಸೋಲಿನ ಚಿಂತೆಯಲ್ಲಿ ಅವಳಿಗೆ ಕೆಲಸದ ಮೇಲೆ ಗಮನವಿಲ್ಲ ಎಂದು ಅವನ ಕರುಳು ಚುರ್ ಎನ್ನುತ್ತಿತ್ತು. ಆದರೂ ಆಟ ಬಿಡಲಿಲ್ಲ.

"ಮೋಸದಿಂದ ಸೋತು ಹೆಂಗೇ ಬಿಡ್ಲಿ? ಅಂಗಡಿ ಅಡ ಇಟ್ಟಾದ್ರೂ ಅದಕ್ಕೆ ಮಣ್ಣು ಮುಕ್ಕಿಸ್ತೀನಿ."

"ಮೋಸ ಅಂತ ಸರ್ಕಾರದವರೇ ಒಪ್ಪಿದ್ರೆ ಬಿಡ್ತೀರಾ?"

"ಬಿಡ್ತೀನಿ. ಆಗ ನಾನು ದಡ್ಡ ಅಲ್ಲ ಅಂತಾಯ್ತಲ್ಲ."

ಬಟ್ಟೆ ಸುತ್ತುವ ಪತ್ರಿಕೆಯ ಮೂಲೆಯಲ್ಲಿ ಈ ವಿಚಾರಣೆಯ ಸುದ್ದಿಯನ್ನು ಹುಡುಕಿ ತೋರಿಸಿದವಳೂ ಅವಳೇ. ಆನ್‌ಲೈನ್ ಜೂಜಿಗೆ ಕಾನೂನು ಬೇಕೇ ಬೇಡವೇ ಎಂದು ಸರ್ಕಾರ ಜನರನ್ನು ಕೇಳುತ್ತಿತ್ತು. ಇವತ್ತು ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದಳು. ಗಿರಾಕಿಗಳು ಬೆಳಿಗ್ಗೆಯಿಂದ ಬಟ್ಟೆ ಎಲ್ಲಿ ಎಂದು ಪೀಡಿಸುತ್ತಿದ್ದರು. ನಿಂತಲ್ಲೇ ತಲೆ ತಗ್ಗಿಸಿ ಅವರಿಗೆ ಫೋನಿನಲ್ಲಿ ಉತ್ತರ ಕುಟ್ಟುತ್ತಿದ್ದಳು.

ಮೊದಲು ಕಂಪನಿಯ ವಕೀಲ ಎದ್ದ. ಅವನ ಕೋಟಿನ ಇಸ್ತ್ರಿಯೇ ಸರಿಯಿರಲಿಲ್ಲ. "ನಮಗೆ ಸರ್ಕಾರದ ಕಾವಲು ಬೇಡ ಮೇಡಂ. ನಮ್ಮನ್ನು ನಾವೇ ಕಾಯ್ದುಕೊಳ್ಳುತ್ತೇವೆ."

"ಬೆಕ್ಕು ಹಾಲು ಕಾಯ್ತೀನಿ ಅಂದ್ಹಾಗಾಯ್ತು!" ಇಸ್ತ್ರಿಯವನು ಕೂತಲ್ಲಿಂದಲೇ ಕೂಗಿದ. "ತರಕಾರಿ ಮಾರೋಳ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ನನ್ನ ಅಂಗಡಿ ಬೋರ್ಡಿಗೂ ಪರವಾನಗಿ ಬೇಕು. ಊರೋರ ಜೇಬಿಗೆಲ್ಲ ಕೈ ಹಾಕೋ ಇವರನ್ನ ಮಾತ್ರ ಕೇಳೋರಿಲ್ವಾ?"

ವಿಚಾರಣೆಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಮಾತು ಸಾಕು. ಮೋಸ ಇದೆ ಅಂದ್ರೆ ತೋರ್ಸಿ."

ಅವನು ಆಟ ತೆರೆದು ಇಬ್ಬರ ಟೇಬಲ್ಲಿನಲ್ಲಿ ಕೂತ. ಎದುರಿನ ಜಾಗ ಖಾಲಿ. ವಕೀಲ ಮುಗುಳ್ನಕ್ಕ. ಹಲ್ಲಿ ಬಾರದಿದ್ದರೆ ಇಡೀ ಸಭೆಯ ಮುಂದೆ ತಾನೇ ದಡ್ಡ.

ಹಲ್ಲಿ ಬಂತು.

"ಇಲ್ಲಿ ಕೊಡಿ, ನಾನೇ ಆಡ್ತೀನಿ," ಎಂದು ಅಧ್ಯಕ್ಷೆ ವೇದಿಕೆಯಿಂದಿಳಿದು ಬೆಂಚಿನ ಮೇಲೆ ಕೂತರು. ಕಾಲೇಜಿನ ದಿನಗಳಲ್ಲಿ ತಾವು ಇಸ್ಪೀಟಿನಲ್ಲಿ ಹುಲಿ ಎಂದು ಪಕ್ಕದವರಿಗೆ ಹೇಳಿಯೂ ಹೇಳಿದರು. ಜನ ಅವರ ಬೆನ್ನಿಗೆ ಮುಗಿಬಿದ್ದರು. ಗುಮಾಸ್ತರು, ವರದಿಗಾರರು, ಇಸ್ತ್ರಿಯವನ ಹೆಂಡತಿ, ಎಲ್ಲರೂ. ಅವನು ಮಾತ್ರ ಭಾಮೈದನ ಎರಡೂ ಕೈಗಳನ್ನು ಬಿಡದೆ ನೋಡುತ್ತಿದ್ದ. ಅವು ಮೊಣಕಾಲ ಮೇಲೆ ಖಾಲಿಯಾಗಿ ಬಿದ್ದಿದ್ದವು.

ಅಧ್ಯಕ್ಷೆಗೆ ರಾಜನ ಜೋಡಿ ಬಂತು. ಹಲ್ಲಿ ಜಾರಿಕೊಂಡಿತು. ಕೈ ಖಾಲಿಯಿದ್ದಾಗ ಅವರು ಬುರುಡೆ ಬಿಟ್ಟರು. ಹಲ್ಲಿ ಪಂದ್ಯ ಏರಿಸಿತು. ಮತ್ತೆ ಆಡಿದರು, ಮತ್ತೆ ಅದೇ. ಹುಲಿಯ ಮುಖ ಕೆಂಪಾಯಿತು.

"ಇದು ನನ್ನ ಎಲೆ ನೋಡ್ತಿದೆ ಕಣ್ರೀ!"

"ಕಾಕತಾಳೀಯ ಇರಬಹುದು ಮೇಡಂ," ವಕೀಲ ಹಣೆ ಒರೆಸಿಕೊಂಡ.

"ಯಾವ ಕಾಗೆ, ಯಾವ ತಾಳೆ? ಕಾನೂನು ಬೇಕೇ ಬೇಕು ಅಂತ ಬರ್ಕೊಳ್ಳಿ. ಇವರ ಕಂಪನಿಯಿಂದಲೇ ತನಿಖೆ ಶುರು."

ಸಭೆ ಚಪ್ಪಾಳೆ ತಟ್ಟಿತು. ಇಸ್ತ್ರಿಯವನು ಹೊರಗೆ ಬಂದು ಮೆಟ್ಟಿಲ ಮೇಲೆ ಎದೆಯುಬ್ಬಿಸಿ ನಿಂತ. ಭಾಮೈದನಿಗೆ ಫೋನು ಹಿಂದಿರುಗಿಸಿ, "ತಪ್ಪು ತಿಳ್ಕೊಂಡಿದ್ದೆ ಕಣೋ, ಬೇಜಾರು ಮಾಡ್ಕೋಬೇಡ," ಎಂದು ಬೆನ್ನು ತಟ್ಟಿದ. ಕೊಟ್ಟ ಮಾತಿನಂತೆ ಎಲ್ಲರೆದುರೇ ಖಾತೆ ಮುಚ್ಚಿ ಆಟವನ್ನು ಅಳಿಸಿಹಾಕಿದ. ದುಡ್ಡು ಹೋದರೂ ಮಾನ ಉಳಿದಿತ್ತು. ದಡ್ಡನಲ್ಲ ಎಂದು ಸರ್ಕಾರವೇ ಬರೆದುಕೊಂಡಿತ್ತು.

"ನಡೀರಿ, ಹಾಗೇ ಯಂತ್ರಕ್ಕೆ ಮುಂಗಡ ಕೊಟ್ಟು ಹೋಗೋಣ," ಎಂದಳು ಹೆಂಡತಿ.

"ದುಡ್ಡೆಲ್ಲಿದೆಯೇ?"

"ನಾನೂ ಒಂದಿಷ್ಟು ಕೂಡಿಟ್ಟಿದ್ದೀನಿ."

ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿರಬೇಕು ಎಂದುಕೊಂಡು ಅವನ ಕಣ್ಣು ತುಂಬಿ ಬಂತು. ಮುಖ ತೋರಿಸಲು ನಾಚಿ, ಆಟೋ ಕರೆಯುವ ನೆಪದಲ್ಲಿ ರಸ್ತೆಗೆ ಓಡಿದ. ಅವನು ದೂರ ಹೋಗುವವರೆಗೆ ಕಾದು ಅವಳು ತಮ್ಮನ ಕಡೆ ಬಾಗಿದಳು.

"ಲೋ, ಆ ಆಟದಲ್ಲಿ ಖಾತೆ ಮುಚ್ಚೋದು ಹೆಂಗೋ?"

"ಭಾವ ಈಗ್ತಾನೆ ಮುಚ್ಚಿದ್ರಲ್ಲಕ್ಕಾ."

"ಅವರದಲ್ಲ ಕಣೋ," ಎಂದಳು ಅವಳು. "ಹಲ್ಲೀದು."