ನೀರು ಹುಯ್ದ ಮೇಲೆ

"ಒಣಬಟ್ಟೇಲಿ ಧೂಳು ಉಜ್ಜಿದೀಯ. ನಿನ್ನೆ ಬಿಸಿಲಲ್ಲಿ ನೋಡ್ದೆ, ಬಾನೆಟ್ ಮೇಲೆಲ್ಲ ಗೀರು." ಕಾರಿನ ಯಜಮಾನರು ಕಾರು ತೊಳೆಯುವವಳ ಮೇಲೆ ರೇಗಿದ ಸದ್ದಿಗೆ ಅಪಾರ್ಟ್‌ಮೆಂಟಿನ ನಾಲ್ಕು ಜನ ಕೆಳಗಿಳಿದು ಬಂದರು.

"ಇಲ್ಲ ಸಾರ್. ನೀರು ಹುಯ್ದು ಧೂಳು ಇಳಿಸದೆ ನಾನು ಕೈ ಮುಟ್ಟಿಸಲ್ಲ."

"ಹಂಗಾದ್ರೆ ನಾನು ಗೀರಿದ್ನಾ?"

ಅವಳ ಕಣ್ಣು ತುಂಬಿತು. ಯಜಮಾನರಿಗೇ ಒಂಥರಾ ನಾಚಿಕೆಯಾಯಿತು. ಆದರೂ ಎಲ್ಲರೆದುರು ಬಿಟ್ಟುಕೊಡಲಾಗಲಿಲ್ಲ. "ತೊಳಿ, ಎಲ್ಲರೂ ನೋಡ್ಲಿ."

ಆಗಷ್ಟೇ ಪೂಜೆ ಮುಗಿಸಿ ಬಂದಿದ್ದ ಅವರು ದಿನದ ರೂಢಿಯಂತೆ ಧೂಳು ಹಿಡಿದ ಬಾನೆಟ್ಟಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು. ಅವಳು ಅದರ ಮೇಲೆ ಮೆಲ್ಲಗೆ ನೀರು ಹುಯ್ದಳು.

ವಿಭೂತಿ ಇಳಿದುಹೋಯಿತು. ಅದಿದ್ದ ಜಾಗದಲ್ಲೇ ಮೂರು ಸಾಲು ಗೀರುಗಳಿದ್ದವು; ಅವರು ಬೆರಳುಗಳನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡರು.